ನೆರಳು ಕಡೆದ ಮೈಕಟ್ಟು

ಪರದೆಯ ಹಿಂದೆ, ಟ್ಯೂಬ್‌ಲೈಟಿನ ಕೆಳಗೆ ನಿಂತಿರುವ ಈ ಹುಡುಗನನ್ನು ನೋಡಿ. ಕೆನ್ನೆ ಒಳಕ್ಕೆ ಹೋಗಿದೆ, ಕಣ್ಣಿನ ಸುತ್ತ ಕಪ್ಪು. ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಬಳಿದುಕೊಂಡ ಕಡುಕಂದು ಬಣ್ಣ ಎಲ್ಲಿ ಕದಡುತ್ತದೋ ಎಂದು ತೋಳುಗಳನ್ನು ಪಕ್ಕೆಗೆ ತಾಗಿಸದೆ ದೂರ ಹಿಡಿದಿದ್ದಾನೆ. ಗೋಡೆಯ ಮೇಲೆ ಯಾರದೋ ಬೆನ್ನಿನ ಕಂದು ಅಚ್ಚು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇನ್ಯಾರದೋ ತೊಡೆಯ ಅಚ್ಚು. ಮೂಲೆಯಲ್ಲೊಬ್ಬ ರಬ್ಬರ್ ಬ್ಯಾಂಡ್ ಎಳೆದೆಳೆದು ರಟ್ಟೆಗೆ ರಕ್ತ ತುಂಬಿಸಿಕೊಳ್ಳುತ್ತಿದ್ದಾನೆ. ಇನ್ನೊಬ್ಬನ ಬೆನ್ನಿಗೆ ಅವನ ಕೋಚ್ ಎಣ್ಣೆ ಸವರುತ್ತಿದ್ದಾನೆ. ನಮ್ಮ ಹುಡುಗ ಮಾತ್ರ ಸುಮ್ಮನೆ ನಿಂತಿದ್ದಾನೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರೆ ‘ಏನಪ್ಪಾ, ಜ್ವರ ಬಂದಿತ್ತಾ?’ ಎಂದು ಕೇಳಬೇಕು ಅನ್ನಿಸುವ ಹಾಗಿದ್ದಾನೆ.

ಮೈಕಿನಲ್ಲಿ ಅವನ ನಂಬರ್ ಕೂಗಿದರು. ಹತ್ತೇ ಹೆಜ್ಜೆ. ಪರದೆ ಸರಿಸಿ ವೇದಿಕೆಗೆ ಬಂದ. ಮೇಲಿನ ಬೆಳಕು ಭುಜಕ್ಕೆ ತಾಗಿತು. ಅಬ್ಬಾ! ಎದೆಯ ನಡುವೆ ಕಂದಕ ಬಿತ್ತು. ಹೊಟ್ಟೆಯ ಮೇಲೆ ಒಂದರ ಕೆಳಗೊಂದು ಸಾಲು ಎದ್ದಿತು. ಒಂದೇ ಎಂದುಕೊಂಡಿದ್ದ ತೊಡೆ ಮೂರು ಭಾಗವಾಗಿ ಬಿಡಿಬಿಡಿಯಾಗಿ ನಿಂತಿತು. ಆ ಮೂರರ ಮೇಲೂ ಎಳೆ ಎಳೆಯಾಗಿ ಗೆರೆಗಳು ಓಡಿದವು. ಸಭಾಂಗಣದ ಹಿಂದಿನ ಸಾಲಿನಿಂದ ಶಿಳ್ಳೆ. ಈಗಷ್ಟೇ ಮರುಕ ಹುಟ್ಟಿಸಿದ್ದ ಹುಡುಗ ಎಲ್ಲಿ ಹೋದ?

ಹತ್ತು ಹೆಜ್ಜೆ ನಡೆಯುವುದರೊಳಗೆ ಯಾರ ಮೈಯೂ ಬೆಳೆಯುವುದಿಲ್ಲ. ಪರದೆಯ ಆಚೆ ಇದ್ದದ್ದೂ ಅದೇ ಎದೆ, ಅದೇ ತೊಡೆ. ಬದಲಾದದ್ದು ದೀಪ ಇರುವ ಜಾಗ, ಅಷ್ಟೇ. ದೇಹದಾರ್ಢ್ಯ ಸ್ಪರ್ಧೆಯಲ್ಲಿ ಕ್ಯಾಮೆರಾ ಹಿಡಿದು ಕೂತವರಿಗೆ ಮೊದಲು ತಟ್ಟುವ ಬೆರಗು ಇದು. ಎಷ್ಟು ಸ್ಪರ್ಧೆ ನೋಡಿದರೂ ಹಳತಾಗದ ಬೆರಗೂ ಇದೇ. ನಮಗೆ ಸ್ನಾಯು ಕಾಣುವುದೇ ಇಲ್ಲ! ಕಾಣುವುದು ಸ್ನಾಯು ಬೀಳಿಸುವ ನೆರಳು. ವರ್ಷಗಟ್ಟಲೆ ಕಬ್ಬಿಣ ಎತ್ತಿ ಬೆಳೆಸಿದ್ದನ್ನು ಕೆಲವೇ ನಿಮಿಷ ಕೆತ್ತಿ ತೋರಿಸುವುದು ಮೇಲಿನ ಕಬ್ಬಿಣದ ಸರಳಿಗೆ ತೂಗುಹಾಕಿದ ದೀಪಗಳು. ಫೋಟೊಗ್ರಾಫರ್ ಆ ಕೆತ್ತನೆಯ ಬೆನ್ನು ಹತ್ತಿದವನು.

ಹತ್ತು ಡಿಗ್ರಿಯ ಪವಾಡ

ಇದು ಕಣ್ಕಟ್ಟಲ್ಲ, ಗಣಿತ. 1760ರಲ್ಲಿ ಯೋಹಾನ್ ಹೈನ್ರಿಖ್ ಲ್ಯಾಂಬರ್ಟ್ ಎಂಬ ವಿದ್ವಾಂಸ ‘ಫೋಟೊಮೆಟ್ರಿಯಾ’ ಎಂಬ ಪುಸ್ತಕದಲ್ಲಿ ಒಂದು ನಿಯಮ ಬರೆದಿಟ್ಟ: ಮೇಲ್ಮೈಯೊಂದು ಎಷ್ಟು ಬೆಳಗುತ್ತದೆ ಎನ್ನುವುದು ಬೆಳಕು ಅದಕ್ಕೆ ಯಾವ ಕೋನದಲ್ಲಿ ಬಂದು ತಾಗುತ್ತದೆ ಎನ್ನುವುದರ ಮೇಲೆ ನಿಂತಿದೆ. ಶಾಲೆಯಲ್ಲಿ ನಾವು ಕಲಿತು ಮರೆತ ಕೊಸೈನ್ ಇಲ್ಲಿ ಬಂದು ಕೂರುತ್ತದೆ.

ಲೆಕ್ಕ ಹಾಕಿ ನೋಡಿ, ಮೈ ಜುಮ್ಮೆನ್ನುತ್ತದೆ. ದೀಪ ನೇರ ಎದುರಿಗಿದೆ ಎಂದುಕೊಳ್ಳಿ. ಚರ್ಮದ ಮೇಲೆ ಬೀಳುವ ಬೆಳಕು 100. ಈಗ ಒಂದು ಸ್ನಾಯುವಿನ ಅಂಚು 10 ಡಿಗ್ರಿ ಇಳಿಜಾರಾಗಿದೆ. ಅಲ್ಲಿನ ಬೆಳಕು ಎಷ್ಟು? 98.5. ಒಂದೂವರೆ ಅಂಶದ ವ್ಯತ್ಯಾಸವನ್ನು ಕಣ್ಣು ಹಿಡಿಯುವುದು ಕಷ್ಟ, ದೂರದ ಕುರ್ಚಿಯಿಂದಂತೂ ಬಲು ಕಷ್ಟ. ಈಗ ಅದೇ ದೀಪವನ್ನು ಮೇಲಕ್ಕೆತ್ತಿ, ಬೆಳಕು ಮೈಯನ್ನು ಸವರಿಕೊಂಡು ಇಳಿಯುವ ಹಾಗೆ, 70 ಡಿಗ್ರಿ ಕೋನದಲ್ಲಿ ಇಡಿ. ಚರ್ಮದ ಮೇಲಿನ ಬೆಳಕು 34ಕ್ಕೆ ಇಳಿಯುತ್ತದೆ. ಅದೇ ಅಂಚು, ಅದೇ 10 ಡಿಗ್ರಿ ಇಳಿಜಾರು, ಆದರೆ ಅಲ್ಲಿನ ಬೆಳಕು ಈಗ 17. ಅರ್ಧಕ್ಕರ್ಧ! ಎದುರು ಬೆಳಕಿನಲ್ಲಿ ಇದ್ದೂ ಇಲ್ಲದಂತಿದ್ದ ಉಬ್ಬು, ಓರೆ ಬೆಳಕಿನಲ್ಲಿ ಬೆಳ್ಳಗೊಂದು ಭಾಗ, ಕಪ್ಪಗೊಂದು ಭಾಗವಾಗಿ ಎದ್ದು ನಿಲ್ಲುತ್ತದೆ.

ಉತ್ತ ಹೊಲವನ್ನು ನಡು ಮಧ್ಯಾಹ್ನ ನೋಡಿದವರಿಗೆ ಬರೀ ಮಣ್ಣು ಕಾಣುತ್ತದೆ. ಅದೇ ಹೊಲವನ್ನು ಸೂರ್ಯ ಮುಳುಗುವ ಹೊತ್ತಿಗೆ ನೋಡಿದರೆ ಒಂದೊಂದು ಸಾಲನ್ನೂ ಎಣಿಸಬಹುದು. ವೇದಿಕೆಯ ದೀಪ ಮಾಡುವುದು ಈ ಸಂಜೆಯ ಸೂರ್ಯನ ಕೆಲಸವನ್ನೇ. ಕ್ಯಾಮೆರಾದ ತಲೆಯ ಮೇಲಿನ ಫ್ಲ್ಯಾಶ್ ಇಲ್ಲಿ ಯಾಕೆ ಮಹಾಪಾಪ ಎನ್ನುವುದೂ ಈಗ ಬಿಡಿಸಿ ಹೇಳಬೇಕಿಲ್ಲ. ಲೆನ್ಸಿನ ದಿಕ್ಕಿನಿಂದಲೇ ಬರುವ ಬೆಳಕು ನೆರಳನ್ನೆಲ್ಲ ಮೈಯ ಹಿಂದಕ್ಕೆ, ಕ್ಯಾಮೆರಾಕ್ಕೆ ಕಾಣದ ಕಡೆ ತಳ್ಳಿಬಿಡುತ್ತದೆ. ವರ್ಷಗಳ ಬೆವರು ಒಂದು ಮಿಂಚಿನಲ್ಲಿ ಚಪ್ಪಟೆ!

ಬೆಳಕು ಬಿದ್ದರೆ ಸಾಲದು, ಅದನ್ನು ಓದುವ ಮಿದುಳೂ ಬೇಕಲ್ಲ? ಅಲ್ಲೊಂದು ಇನ್ನೂ ಸೋಜಿಗದ ಸಂಗತಿ ಇದೆ. ಬೆಳಕು ಯಾವಾಗಲೂ ಮೇಲಿನಿಂದಲೇ ಬರುತ್ತದೆ ಎಂದು ನಮ್ಮ ಮಿದುಳು ಹಟ ಹಿಡಿದು ಕೂತಿದೆ. ಸೂರ್ಯನ ಕೆಳಗೆ ಬೆಳೆದ ಜೀವಕ್ಕೆ ಬೇರೆ ಹೇಗೆ ತೋಚೀತು? ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1988ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಪ್ರಬಂಧದಲ್ಲಿ ಇದನ್ನು ಬರಿಯ ವೃತ್ತಗಳಿಂದಲೇ ತೋರಿಸಿಕೊಟ್ಟರು. ಮೇಲ್ಭಾಗ ಬೆಳ್ಳಗೆ, ಕೆಳಭಾಗ ಕಪ್ಪಗೆ ಇರುವ ವೃತ್ತ ಉಬ್ಬಿದ ಗುಂಡಿನಂತೆ ಕಾಣುತ್ತದೆ. ಅದನ್ನೇ ತಲೆಕೆಳಗು ಮಾಡಿದರೆ ಗುಳಿ! ಚಂದ್ರನ ಫೋಟೊವನ್ನು ತಿರುಗಿಸಿ ಹಿಡಿದರೆ ಕುಳಿಗಳೆಲ್ಲ ಗುಡ್ಡಗಳಾಗುವುದೂ ಹೀಗೆಯೇ. ದೀಪಗಳನ್ನು ವೇದಿಕೆಯ ನೆಲಕ್ಕಿಟ್ಟು ಕೆಳಗಿನಿಂದ ಬೆಳಗಿ ನೋಡಿ: ಅದೇ ಎದೆ, ಅದೇ ಹೊಟ್ಟೆ ವಿಚಿತ್ರವಾಗಿ, ದೆವ್ವದ ಸಿನಿಮಾದ ಮುಖದ ಹಾಗೆ ಕಾಣುತ್ತವೆ. ಸ್ನಾಯು ಬದಲಾಗಿಲ್ಲ, ಮಿದುಳು ಗಲಿಬಿಲಿಗೊಂಡಿದೆ. ದೇಹದಾರ್ಢ್ಯ ಪಟು ಜಿಮ್ಮಿನಲ್ಲಿ ಕಟ್ಟುವುದು ಅರ್ಧ ಮೈಯನ್ನು. ಉಳಿದರ್ಧವನ್ನು ನೋಡುವವರ ತಲೆಯೊಳಗೆ ದೀಪ ಕಟ್ಟುತ್ತದೆ.

ಆಗ ಬಿಳಿ, ಈಗ ಕಂದು

ಹಾಗಾದರೆ ಆ ಕಡುಕಂದು ಬಣ್ಣ ಯಾಕೆ? ಮೊದಲೇ ಕಪ್ಪಗಿರುವ ನಮ್ಮ ಹುಡುಗರೂ ಯಾಕೆ ಪದರದ ಮೇಲೆ ಪದರ ಟ್ಯಾನ್ ಬಳಿದುಕೊಳ್ಳುತ್ತಾರೆ? ಉತ್ತರ ಚರ್ಮದ ಒಳಗಿದೆ. ತಿಳಿಬಣ್ಣದ ಚರ್ಮಕ್ಕೆ ತಾಗಿದ ಬೆಳಕೆಲ್ಲ ಮೇಲಿನಿಂದಲೇ ಹಿಂದಿರುಗುವುದಿಲ್ಲ. ಒಂದಷ್ಟು ಒಳಗಿಳಿಯುತ್ತದೆ, ಅಲ್ಲಿ ಅಲೆದಾಡಿ ತುಸು ಪಕ್ಕದಲ್ಲಿ ಹೊರಬರುತ್ತದೆ. ಹೀಗೆ ಕಳ್ಳದಾರಿಯಲ್ಲಿ ಬಂದ ಬೆಳಕು ನೆರಳಿನ ಜಾಗದಲ್ಲೂ ಮಿನುಗಿ ನೆರಳನ್ನು ಮೆತ್ತಗೆ ಮಾಡಿಬಿಡುತ್ತದೆ. ಮಗುವಿನ ಕೆನ್ನೆ ಅಷ್ಟು ನವಿರಾಗಿ ಕಾಣಲು ಕಾರಣವಾದ ಈ ಗುಣವೇ ಪಟುವಿಗೆ ಶತ್ರು. ಕಡುಬಣ್ಣ ಆ ಕಳ್ಳ ಬೆಳಕನ್ನು ನುಂಗಿಹಾಕುತ್ತದೆ. ಕಪ್ಪು ಮೈಯವರಿಗೂ ಬಣ್ಣ ಬೇಕಾಗುವುದು ಮುಖ, ಎದೆ, ತೊಡೆ ಎಲ್ಲ ಒಂದೇ ಛಾಯೆಗೆ ಬರಲಿ ಎಂದು. ಬಿಸಿಲು ಕಂಡ ತೋಳು, ಬಿಸಿಲು ಕಾಣದ ತೊಡೆ ಎಂಬ ಭೇದ ಉಳಿದರೆ ಕಣ್ಣು ಬಣ್ಣವನ್ನು ನೋಡುತ್ತದೆಯೇ ಹೊರತು ಆಕಾರವನ್ನಲ್ಲ.

ಬಣ್ಣದ ಮೇಲೆ ತೆಳ್ಳಗೆ ಎಣ್ಣೆ. ಇದರ ಲೆಕ್ಕ ಇನ್ನೂ ಚೆಂದ. ಹೊಳೆಯುವ ಮೇಲ್ಮೈ ಕನ್ನಡಿಯ ನಿಯಮಕ್ಕೆ ಒಳಪಟ್ಟದ್ದು: ಮೇಲ್ಮೈ 5 ಡಿಗ್ರಿ ವಾಲಿದರೆ ಪ್ರತಿಫಲನ 10 ಡಿಗ್ರಿ ತಿರುಗುತ್ತದೆ. ಅಂದರೆ ಎಣ್ಣೆ ಸವರಿದ ಚರ್ಮ ತನ್ನ ಪ್ರತಿ ಏರಿಳಿತವನ್ನೂ ಎರಡು ಪಟ್ಟು ದೊಡ್ಡದು ಮಾಡಿ ಸಾರುತ್ತದೆ! ಭುಜದ ಗುಂಡು, ರಟ್ಟೆಯ ಏಣು, ಮೀನಖಂಡದ ತಿರುವು, ಎಲ್ಲೆಲ್ಲಿ ಬೆಳಕಿನ ಗೆರೆ ಹರಿಯುತ್ತದೋ ಅಲ್ಲೆಲ್ಲ ಆಕಾರ ಬರೆದುಕೊಳ್ಳುತ್ತದೆ. ಎಣ್ಣೆ ಹೆಚ್ಚಾಯಿತೋ, ಗೆರೆ ಇರಬೇಕಾದ ಜಾಗದಲ್ಲಿ ಬಿಳಿ ಮಚ್ಚೆ. ಅದರಲ್ಲಿ ಸ್ನಾಯುವೂ ಇಲ್ಲ, ಚರ್ಮವೂ ಇಲ್ಲ.

ಈಗ ಕೇಳಿ ತಮಾಷೆ. ಈ ಇಡೀ ಲೋಕದ ಮೂಲಪುರುಷ ಮೈಗೆ ಬಳಿದುಕೊಳ್ಳುತ್ತಿದ್ದದ್ದು ಬಿಳಿ ಪುಡಿ! 1867ರಲ್ಲಿ ಪ್ರಷ್ಯಾದ ಕ್ಯೋನಿಗ್ಸ್‌ಬರ್ಗ್‌ನಲ್ಲಿ ಹುಟ್ಟಿದ ಯೂಜೆನ್ ಸ್ಯಾಂಡೋ ಅಮೃತಶಿಲೆಯ ಗ್ರೀಕ್ ವಿಗ್ರಹದಂತೆ ಕಾಣಬೇಕೆಂದು ಮೈ ಬೆಳ್ಳಗೆ ಮಾಡಿಕೊಂಡು ಪೋಸ್ ಕೊಡುತ್ತಿದ್ದ. ಅವನ ಚಿತ್ರ ತೆಗೆದವರಲ್ಲಿ ಒಬ್ಬ ಲಂಡನ್ನಿನ ಹೆನ್ರಿ ವಾನ್ ಡರ್ ವೈಡ್. ಯಾರೀತ? 1877ರಲ್ಲೇ ರೀಜೆಂಟ್ ಸ್ಟ್ರೀಟಿನಲ್ಲಿ ವಿದ್ಯುತ್ ದೀಪದ ಬೆಳಕಿನಲ್ಲಿ ಭಾವಚಿತ್ರ ತೆಗೆಯುವ ಸ್ಟುಡಿಯೋ ತೆರೆದ ಸಾಹಸಿ. ಬಿಸಿಲಿಗೆ ಕಾಯದೆ, ಬೇಕಾದ ದಿಕ್ಕಿನಿಂದ ಬೇಕಾದಷ್ಟು ಬೆಳಕು ಎಂಬ ಸ್ವಾತಂತ್ರ್ಯವನ್ನು ಮೊದಲು ಸವಿದವರಲ್ಲಿ ಒಬ್ಬ. ಅಂಥವನ ಮುಂದೆ 1889ರ ಹೊತ್ತಿಗೆ ಬಂದು ನಿಂತದ್ದು ಸ್ಯಾಂಡೋನ ಮೈ! ಮುಂದೆ ನ್ಯೂಯಾರ್ಕಿನಲ್ಲಿ ನೆಪೋಲಿಯನ್ ಸರೋನಿ ಅವನ ಚಿತ್ರಗಳನ್ನು ತೆಗೆದ. 1894ರಲ್ಲಿ ಎಡಿಸನ್ನನ ಸ್ಟುಡಿಯೋದ ಚಲನಚಿತ್ರ ಕ್ಯಾಮೆರಾವೂ ಅವನ ಸ್ನಾಯುಗಳನ್ನು ಸೆರೆಹಿಡಿಯಿತು.

ಆ ಹಳೆಯ ಚಿತ್ರಗಳಲ್ಲಿ ಸ್ನಾಯುಗಳು ಅಷ್ಟು ಚೂಪಾಗಿ ಮೂಡಲು ಇನ್ನೊಂದು ಗುಟ್ಟೂ ಇದೆ. ಅಂದಿನ ಗಾಜಿನ ಪ್ಲೇಟುಗಳು ಕೆಂಪು ಬಣ್ಣಕ್ಕೆ ಬಹುತೇಕ ಕುರುಡು. ನೀಲಿಯನ್ನು ಮಾತ್ರ ಚೆನ್ನಾಗಿ ಕಾಣುತ್ತಿದ್ದವು. ಚರ್ಮದ ಒಳಗೆ ಆಳಕ್ಕಿಳಿದು ನೆರಳನ್ನು ಕರಗಿಸುವುದು ಮುಖ್ಯವಾಗಿ ಕೆಂಪು ಬೆಳಕು. ನೀಲಿ ಬೆಳಕು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಅಂದರೆ ಇಂದು ಟ್ಯಾನ್ ಮಾಡುವ ಕೆಲಸದ ಒಂದು ಪಾಲನ್ನು ಅಂದು ಪ್ಲೇಟೇ ಮಾಡುತ್ತಿತ್ತು! ಇಂದಿನ ವೇದಿಕೆಗಳಲ್ಲಿ ಆಯೋಜಕರು ಮೋಜಿಗೆಂದು ಕೆಂಪು ದೀಪ ಹಾಕಿದ ಕೂಡಲೇ ಸ್ನಾಯುವಿನ ಗೆರೆಗಳು, ಅಂದರೆ ಕಟಿಂಗ್ಸ್, ಎಲ್ಲ ಮಾಯವಾಗಿ ಮೈ ಮೇಣದಂತೆ ನುಣ್ಣಗಾಗುವುದೂ ಇದೇ ಕಾರಣಕ್ಕೆ. 130 ವರ್ಷ ಹಳೆಯ ಗಾಜಿಗೂ ನಮ್ಮೂರ ಎಲ್‌ಇಡಿಗೂ ನಡುವೆ ಎಂಥ ನಂಟು!

1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸ್ಯಾಂಡೋ ದೊಡ್ಡದೊಂದು ಸ್ಪರ್ಧೆ ಏರ್ಪಡಿಸಿದ. ತೀರ್ಪುಗಾರರು ಯಾರು ಗೊತ್ತೇ? ಸ್ಯಾಂಡೋನ ಜೊತೆಗೆ ಶಿಲ್ಪಿ ಚಾರ್ಲ್ಸ್ ಲಾಸ್, ಮತ್ತು ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್! ಗೆದ್ದವನು ನಾಟಿಂಗ್‌ಹ್ಯಾಮಿನ ವಿಲಿಯಂ ಮರ್ರೆ. ಕೈಗೆ ಬಂದದ್ದು ಸ್ಯಾಂಡೋನದೇ ಪುಟ್ಟ ಪ್ರತಿಮೆ. ಇಂದಿಗೂ ಮಿಸ್ಟರ್ ಒಲಿಂಪಿಯಾ ದೇಹದಾರ್ಢ್ಯ ಸ್ಪರ್ಧೆ ಗೆದ್ದವರು ಎತ್ತಿಹಿಡಿಯುವುದು ಸ್ಯಾಂಡೋನ ಪ್ರತಿಮೆಯನ್ನೇ.

ಜೆ.ಸಿ. ರಸ್ತೆಯ ರೂಪದರ್ಶಿ

ಸ್ಯಾಂಡೋ 1905ರ ಸುಮಾರಿಗೆ ಭಾರತದಲ್ಲೂ ಪ್ರದರ್ಶನ ಕೊಟ್ಟು ಹೋದ. ಗರಡಿಮನೆಯ ಮಣ್ಣಿನ ನಾಡಿನಲ್ಲಿ ಮೈ ಕಟ್ಟುವುದು ಹೊಸತೇನೂ ಆಗಿರಲಿಲ್ಲ. ಕಟ್ಟಿದ ಮೈಯನ್ನು ಕ್ಯಾಮೆರಾದ ಮುಂದೆ ನಿಲ್ಲಿಸುವುದು ಹೊಸತು. ಅದನ್ನು ಬೆಂಗಳೂರಿನಲ್ಲಿ ಮಾಡಿದ್ದು ಯಾರು? ‘ಶಾಂತಲಾ’ ಕಾದಂಬರಿ ಬರೆದ ನಮ್ಮ ಕೆ.ವಿ. ಅಯ್ಯರ್!

ಕನ್ನಡ ಓದುಗರಿಗೆ ಅಯ್ಯರ್ ಎಂದರೆ ಹೊಯ್ಸಳ ರಾಣಿಯ ಕಥೆಗಾರ. ಆದರೆ ಅವರು ಜೆ.ಸಿ. ರಸ್ತೆಯ ವ್ಯಾಯಾಮಶಾಲೆಯಲ್ಲಿ ತಲೆಮಾರುಗಳ ಹುಡುಗರನ್ನು ಹುರಿಗೊಳಿಸಿದ ಗುರು, ಅಂಚೆಯ ಮೂಲಕವೂ ವ್ಯಾಯಾಮ ಕಲಿಸಿದವರು. 1930ರಲ್ಲಿ ಇಂಗ್ಲಿಷಿನಲ್ಲಿ ‘ಮಸಲ್ ಕಲ್ಟ್’ ಎಂಬ ಪುಸ್ತಕ ತಂದರು. ಅದರಲ್ಲಿನ ಪೋಸುಗಳಿಗೆ ಮೈ ಕೊಟ್ಟವರೂ ಅವರೇ. ಪೆನ್ನು ಹಿಡಿದ ಕೈಯ ರಟ್ಟೆ ಹೇಗಿತ್ತೆಂದು ನೋಡಬೇಕಾದರೆ ಆ ಚಿತ್ರಗಳನ್ನು ನೋಡಬೇಕು! ರಂಗಭೂಮಿಯೂ ಅವರಿಗೆ ಹೊರತಾಗಿರಲಿಲ್ಲ, ಟಿ.ಪಿ. ಕೈಲಾಸಂ ಅವರ ಆಪ್ತ ಗೆಳೆಯ. ಇಂಥ ಮನುಷ್ಯ ಬರೆದ ಇನ್ನೊಂದು ಕಾದಂಬರಿ ‘ರೂಪದರ್ಶಿ’. ಅದರಲ್ಲಿ ಕಲಾವಿದನೊಬ್ಬ ಬಾಲಯೇಸುವಿಗೆ ಮಾದರಿಯಾದ ಮುಖವನ್ನೇ, ಎಷ್ಟೋ ವರ್ಷಗಳ ಮೇಲೆ, ಅರಿಯದೆ ಜುದಾಸನಿಗೂ ಮಾದರಿಯಾಗಿ ಆರಿಸಿಕೊಳ್ಳುತ್ತಾನೆ. ಒಂದೇ ಮೈ, ಎರಡು ರೂಪ. ಪರದೆಯ ಆಚೆ ಈಚೆ ನಿಂತು ನೋಡಿದವರಿಗೆ ಈ ಕಥೆ ಬರೆದದ್ದು ಒಬ್ಬ ದೇಹದಾರ್ಢ್ಯ ಪಟು ಎನ್ನುವುದು ಆಕಸ್ಮಿಕ ಅನ್ನಿಸುವುದೇ ಇಲ್ಲ.

ಭಾರತದ ಉಳಿದ ಕಡೆಯೂ ಈ ಗೀಳು ಹಬ್ಬಿತು. 1951ರಲ್ಲಿ ಬಂಗಾಳದ ಮನತೋಷ್ ರಾಯ್, ಮರುವರ್ಷವೇ ಮನೋಹರ್ ಐಚ್ ಮಿಸ್ಟರ್ ಯೂನಿವರ್ಸ್ ಸ್ಪರ್ಧೆಯಲ್ಲಿ ತಮ್ಮ ತಮ್ಮ ವಿಭಾಗ ಗೆದ್ದು ಬಂದರು. ಐಚ್ ಅವರ ಎತ್ತರ ಐದಡಿಗೂ ಕಡಿಮೆ. ಬದುಕಿದ್ದು ನೂರು ವರ್ಷಕ್ಕೂ ಹೆಚ್ಚು. 1988ರಲ್ಲಿ ಪಂಜಾಬಿನ ಪ್ರೇಮಚಂದ್ ಡೋಗ್ರಾ ಅದೇ ಹೆಸರಿನ ಕಿರೀಟ ತಂದರು. ಇಂದು ದಾವಣಗೆರೆಯಲ್ಲಿ, ಬೆಳಗಾವಿಯಲ್ಲಿ, ಮಂಗಳೂರಿನಲ್ಲಿ ದೇಹದಾರ್ಢ್ಯ ಸ್ಪರ್ಧೆಯೆಂದರೆ ಜಾತ್ರೆಯ ಕಳೆ.

ಕೆಳಗೆ ಕೂತವನ ಕೈಚಳಕ

ಈಗ ಬನ್ನಿ, ತೀರ್ಪುಗಾರರ ಮೇಜಿನ ಪಕ್ಕದಲ್ಲಿ ಮಂಡಿಯೂರಿ ಕೂತ ಫೋಟೊಗ್ರಾಫರನ ಬಳಿಗೆ. ಅವನ ಮೊದಲ ಎದುರಾಳಿ ಅವನದೇ ಕ್ಯಾಮೆರಾ! ಕ್ಯಾಮೆರಾದ ಬೆಳಕಿನ ಮಾಪಕ ಲೋಕವೆಲ್ಲ ನಡುಬೂದಿ ಬಣ್ಣ ಎಂದು ನಂಬಿಕೊಂಡಿರುವ ಯಂತ್ರ. ಎದುರಿಗೆ ಕಪ್ಪು ಪರದೆ, ಅದರ ಮುಂದೆ ಕಡುಕಂದು ಮೈ. ‘ಅಯ್ಯೋ, ಕತ್ತಲೆ!’ ಎಂದು ಹೆದರಿ ಚಿತ್ರವನ್ನು ಬೆಳ್ಳಗೆ ಮಾಡುತ್ತದೆ. ಭುಜದ ಮೇಲಿನ ಹೊಳಪು ಸುಟ್ಟು ಸುಣ್ಣವಾಗುತ್ತದೆ. ಕತ್ತಲಲ್ಲಿ ಅಡಗಿದ್ದನ್ನು ಆಮೇಲೆ ಕಂಪ್ಯೂಟರಿನಲ್ಲಿ ಹೊರಗೆಳೆಯಬಹುದು, ಸುಟ್ಟದ್ದನ್ನು ಯಾರೂ ಮರಳಿ ತರಲಾರರು. ಹಾಗಾಗಿ ಬಲ್ಲವರು ಮಾಪಕವನ್ನು ನೆಚ್ಚದೆ ಎಲ್ಲವನ್ನೂ ಕೈಯಾರೆ ಹೊಂದಿಸುತ್ತಾರೆ. 70-200ರ ಲೆನ್ಸ್, ಎಫ್ 2.8 ಅಥವಾ 4, ಸೆಕೆಂಡಿನ 250ನೇ ಒಂದು ಭಾಗದ ವೇಗ, ಐಎಸ್‌ಒ 1600ರಿಂದ 3200. ಭುಜದ ಅತಿ ಹೊಳೆಯುವ ಜಾಗ ಉಳಿದರೆ ಎಲ್ಲ ಉಳಿದ ಹಾಗೆ.

ಎರಡನೆಯ ಎದುರಾಳಿ ದೀಪದ ಕಂಪನ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಅದನ್ನೇ ನೆಚ್ಚಿದ ದೀಪಗಳು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತವೆ. ಮಬ್ಬು ಮಾಡಿದ ಅಗ್ಗದ ಎಲ್‌ಇಡಿಗಳು ಅದಕ್ಕಿಂತ ಎಷ್ಟೋ ವೇಗವಾಗಿ ಆರಿ ಹತ್ತುತ್ತಿರುತ್ತವೆ. ಕಣ್ಣಿಗೆ ಏನೂ ಗೊತ್ತಾಗದು. ಕ್ಯಾಮೆರಾಕ್ಕೆ ಗೊತ್ತಾಗುತ್ತದೆ! ಒಂದು ಚಿತ್ರ ಬೆಳ್ಳಗೆ, ಮರುಚಿತ್ರ ಮಂಕು, ಇನ್ನೊಂದರಲ್ಲಿ ಎದೆಯ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿ. ನೆರಳನ್ನು ಹಿಡಿಯಲು ಬಂದವನಿಗೆ ದೀಪವೇ ಹುಸಿ ನೆರಳು ಎಸೆದು ಆಟವಾಡಿಸುತ್ತದೆ. 2014ರಲ್ಲಿ ಬಂದ ಕ್ಯಾನನ್ 7ಡಿ ಮಾರ್ಕ್ 2ರಂಥ ಕ್ಯಾಮೆರಾಗಳು ಈ ಮಿಡಿತವನ್ನು ಗುರುತಿಸಿ, ದೀಪ ಪೂರ್ತಿ ಬೆಳಗಿದ ಕ್ಷಣಕ್ಕೇ ಕ್ಲಿಕ್ಕಿಸುವ ವಿದ್ಯೆ ಕಲಿತವು.

ಮೂರನೆಯದು ದೂರ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕ್ಷೀಣಿಸುತ್ತದೆ. ನೆತ್ತಿಯ ನೇರಕ್ಕೆ, ನೆಲದಿಂದ 5 ಮೀಟರ್ ಎತ್ತರದಲ್ಲಿ ಒಂದು ದೀಪ ಇದೆ ಎಂದಿಟ್ಟುಕೊಳ್ಳಿ. ತಲೆಯಿಂದ ಅದು 3.3 ಮೀಟರ್ ದೂರ, ಮೀನಖಂಡದಿಂದ 4.7 ಮೀಟರ್. ದೂರದ ಲೆಕ್ಕವೊಂದರಿಂದಲೇ ಕಾಲಿಗೆ ದಕ್ಕುವುದು ತಲೆಗೆ ಸಿಕ್ಕ ಬೆಳಕಿನ ಅರ್ಧ! ಬೆಳಗಿನ ಜಾವ ಎದ್ದು ನೋವಿನಿಂದ ಬೆಳೆಸಿದ ಮೀನಖಂಡ ಕತ್ತಲಲ್ಲಿ ಕಳೆದುಹೋಗುತ್ತದೆ, ಜನ ‘ಕಾಲು ವೀಕು’ ಅನ್ನುತ್ತಾರೆ. ಕಣ್ಣುಗಳದೂ ಇದೇ ಪಾಡು. ಹುಬ್ಬಿನ ನೆರಳಿನಲ್ಲಿ ಎರಡು ಕಪ್ಪು ಗುಳಿಗಳು. ಅನುಭವಿ ಪಟು ಗದ್ದವನ್ನು ಒಂದಿಷ್ಟು ಎತ್ತಿ ಬೆಳಕನ್ನು ಮುಖಕ್ಕೆ ಕರೆದುಕೊಳ್ಳುತ್ತಾನೆ. ಬೆನ್ನು ತೋರಿಸುವಾಗ ಹಿಂದಕ್ಕೆ ತುಸು ವಾಲುತ್ತಾನೆ, ಬೆನ್ನಿನ ಮೇಲ್ಭಾಗಕ್ಕೆ ದೀಪ ಸಿಗಲಿ ಎಂದು. ಕನ್ನಡಿಯ ಮುಂದೆ ತಿಂಗಳುಗಟ್ಟಲೆ ಅಭ್ಯಾಸ ಮಾಡುವ ಪೋಸಿಂಗ್ ಎಂದರೆ ಬೆಳಕಿನ ಜೊತೆ ಮಾಡಿಕೊಳ್ಳುವ ಒಪ್ಪಂದ!

ಇನ್ನು ಕ್ಷಣದ ಮಾತು. ‘ಫ್ರಂಟ್ ಡಬಲ್ ಬೈಸೆಪ್ಸ್!’ ಮೈಕಿನಲ್ಲಿ ಕೂಗಿದರು. ಹೊಸ ಫೋಟೊಗ್ರಾಫರ್ ರಟ್ಟೆ ನೋಡುತ್ತಾನೆ. ಪಳಗಿದವನು ನೋಡುವುದು ಕಾಲಿನ ಹೆಬ್ಬೆರಳನ್ನು! ಯಾಕೆಂದರೆ ಪೋಸು ನೆಲದಿಂದ ಮೇಲಕ್ಕೆ ಕಟ್ಟಿಕೊಳ್ಳುತ್ತದೆ. ಮೊದಲು ಬೆರಳುಗಳು ನೆಲವನ್ನು ಒತ್ತುತ್ತವೆ. ಮೀನಖಂಡ ಗಂಟಾಗುತ್ತದೆ. ತೊಡೆ ಒಮ್ಮೆ ಅದುರಿ ಬಿಗಿಯುತ್ತದೆ. ಉಸಿರು ಹೊರಗೆ ಹೋಗಿ ಹೊಟ್ಟೆ ಒಳಕ್ಕೆ ಸೇರುತ್ತದೆ. ಆಮೇಲಷ್ಟೇ ತೋಳುಗಳು ಎರಡೂ ಕಡೆ ಏರಿ, ಮುಷ್ಟಿ ತಿರುಗಿ, ರಟ್ಟೆ ಉಬ್ಬಿ ನಿಲ್ಲುತ್ತದೆ. ಆ ತುದಿಯಲ್ಲಿ ಒಂದೆರಡು ಸೆಕೆಂಡು ಇಡೀ ಮೈ ಒಂದು ಮಾತಿಗೆ ಬದ್ಧ. ಅದಾದ ಮೇಲೆ ತೊಡೆಯಲ್ಲಿ ಸಣ್ಣ ನಡುಕ, ಕುತ್ತಿಗೆಯಲ್ಲಿ ನರ, ನಗು ಹಲ್ಲುಕಚ್ಚಿದಂತಾಗುತ್ತದೆ. ಕ್ಲಿಕ್ಕಿಸಬೇಕಾದದ್ದು ನಡುಕಕ್ಕೆ ಮೊದಲು. ಹೆಬ್ಬೆರಳು ಒತ್ತಿದ್ದನ್ನು ಕಂಡವನಿಗೆ ಮಾತ್ರ ಆ ಕ್ಷಣ ಸಿಗುತ್ತದೆ.

ನಡುವಿನ ಜಾಗಕ್ಕೆ ಸೆಣಸಾಟ

ಇಷ್ಟು ತಿಳಿದ ಮೇಲೆ ಸಾಲಾಗಿ ನಿಂತ ಪಟುಗಳನ್ನು ನೋಡಿ. ಅಲ್ಲಿ ಇನ್ನೊಂದು ಸ್ಪರ್ಧೆ ಗುಟ್ಟಾಗಿ ನಡೆಯುತ್ತಿದೆ! ವೇದಿಕೆಯ ನಡುವೆ ದೀಪಗಳೆಲ್ಲ ಸೇರುತ್ತವೆ. ಅಂಚಿಗೆ ಹೋದಂತೆ ಬೆಳಕು ಒಂದೇ ಪಕ್ಕದಿಂದ ಬರುತ್ತದೆ, ಮಂಕಾಗುತ್ತದೆ. ಕೆಳಗೆ ನೋಡದೆಯೇ ಕಾಲಳತೆ ಸರಿಯುವುದು, ಪಕ್ಕದವನ ನೆರಳು ತನ್ನ ಮೇಲೆ ಬೀಳದ ಹಾಗೆ ಅರ್ಧ ಹೆಜ್ಜೆ ಮುಂದಿಡುವುದು, ಎಲ್ಲ ನಗುನಗುತ್ತಲೇ ನಡೆಯುತ್ತದೆ. ತೀರ್ಪುಗಾರರಿಗೂ ಇದು ಗೊತ್ತು. ಅದಕ್ಕೇ ‘ನೀನು ಇತ್ತ ಬಾ, ನೀನು ಅತ್ತ ಹೋಗು’ ಎಂದು ಜಾಗ ಬದಲಿಸಿ ಬದಲಿಸಿ ನೋಡುತ್ತಾರೆ. ಪ್ರೇಕ್ಷಕರು ಇದನ್ನು ಕಾಲಹರಣ ಎಂದುಕೊಳ್ಳುತ್ತಾರೆ. ಮೈಯನ್ನು ಬೆಳಕಿನಿಂದ ಬಿಡಿಸಿ ತೂಗಲು ತೀರ್ಪುಗಾರರಿಗಿರುವ ದಾರಿ ಇದೊಂದೇ.

ಈ ಬೆಡಗು ಕಲಾಲೋಕದ ಕಣ್ಣನ್ನೂ ಸೆಳೆದದ್ದುಂಟು. 1976ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ವಿಟ್ನಿ ಕಲಾಸಂಗ್ರಹಾಲಯದಲ್ಲಿ ದೇಹದಾರ್ಢ್ಯ ಪಟುಗಳಾದ ಆರ್ನಾಲ್ಡ್ ಶ್ವಾರ್ಜ್‌ನೆಗರ್, ಫ್ರಾಂಕ್ ಝೇನ್, ಎಡ್ ಕಾರ್ನಿ ತಿರುಗುವ ಪೀಠದ ಮೇಲೆ ನಿಂತು ಪೋಸ್ ಕೊಟ್ಟರು. ಕಲಾ ವಿದ್ವಾಂಸರು ಪಕ್ಕದಲ್ಲೇ ಚರ್ಚಿಸಿದರು. ಪೀಠ ತಿರುಗಿದಂತೆ ಬೆಳಕಿನ ಕೋನ ತಿರುಗಿತು, ಕೋನ ತಿರುಗಿದಂತೆ ಮೈ ಹೊಸದಾಯಿತು! 1993ರಲ್ಲಂತೂ ಇನ್ನೂ ದೊಡ್ಡ ಅಚ್ಚರಿ. ಮಿಸ್ಟರ್ ಒಲಿಂಪಿಯಾ ಸ್ಪರ್ಧೆಗೆ ಕೆಲವು ವಾರ ಮೊದಲು ಬರ್ಮಿಂಗ್‌ಹ್ಯಾಮಿನ ಟೆಂಪಲ್ ಜಿಮ್‌ನಲ್ಲಿ ಫೋಟೊಗ್ರಾಫರ್ ಕೆವಿನ್ ಹಾರ್ಟನ್, ಪಟು ಡೋರಿಯನ್ ಯೇಟ್ಸ್ ಅವರ ಕಪ್ಪು-ಬಿಳುಪು ಚಿತ್ರಗಳನ್ನು ತೆಗೆದರು. ತೂಕ 120 ಕಿಲೋ ದಾಟಿದ ಮೈ. ಸ್ಪರ್ಧೆಯ ಟ್ಯಾನ್ ಇಲ್ಲ, ಝಗಮಗ ವೇದಿಕೆ ಇಲ್ಲ. ಆ ಚಿತ್ರಗಳು ಹೊರಬಿದ್ದದ್ದೇ, ಎದುರಾಳಿಗಳ ಎದೆ ಒಡೆಯಿತು ಎಂದು ಈ ಲೋಕದವರು ಇಂದಿಗೂ ಹೇಳಿಕೊಳ್ಳುತ್ತಾರೆ.

ಬೆರಗಿಗೆ ಬೆಲೆಯೂ ಇದೆ, ಅದನ್ನು ಮುಚ್ಚಿಡಬಾರದು. ದೀಪ ಎಷ್ಟೇ ಜಾಣನಾದರೂ ಚರ್ಮದ ಕೆಳಗೆ ಕೊಬ್ಬು, ನೀರು ನಿಂತಿದ್ದರೆ ಅದು ಕೆತ್ತಲಾರದು. ಆ ತೆಳು ಚರ್ಮಕ್ಕಾಗಿ ಊಟ ಬಿಡುತ್ತಾರೆ, ಸ್ಪರ್ಧೆಯ ಹೊತ್ತಿಗೆ ನೀರನ್ನೂ ಬಿಡುತ್ತಾರೆ, ಕೆಲವರು ನೀರು ಇಳಿಸುವ ಔಷಧಿಗೂ ಕೈಹಾಕುತ್ತಾರೆ. 1992ರಲ್ಲಿ ಮೊಹಮ್ಮದ್ ಬೆನಾಜಿಜಾ ಎಂಬ ಹೆಸರಾಂತ ಪಟು ಹಾಲೆಂಡಿನ ಸ್ಪರ್ಧೆ ಮುಗಿಸಿದ ಕೆಲವೇ ಗಂಟೆಗಳಲ್ಲಿ ಹೃದಯ ನಿಂತು ತೀರಿಕೊಂಡರು. ಪರದೆಯ ಹಿಂದೆ ಒಳಗೆ ಹೋದ ಕೆನ್ನೆ, ಗುಳಿಬಿದ್ದ ಕಣ್ಣು ಕಂಡಾಗ ಅದೂ ನೆನಪಿರಬೇಕು. ಒಂದು ಮಿಲಿಮೀಟರ್ ನೆರಳಿಗಾಗಿ ಮನುಷ್ಯ ಎಷ್ಟು ದೂರ ಹೋಗಬಲ್ಲ!

ನಂಬಿಕೆ ಬಾರದಿದ್ದರೆ ಇವತ್ತು ರಾತ್ರಿಯೇ ಪರೀಕ್ಷೆ ಮಾಡಿ. ಕೋಣೆಯ ದೀಪ ಆರಿಸಿ, ಫೋನಿನ ಟಾರ್ಚ್ ಹಚ್ಚಿ. ಮುಷ್ಟಿ ಬಿಗಿದು ಮುಂಗೈಯ ಮೇಲೆ ನೇರ ಬೆಳಕು ಬಿಡಿ: ಸಪಾಟು ಕೈ. ಈಗ ಟಾರ್ಚನ್ನು ಮೆಲ್ಲಗೆ ಕೆಳಗಿಳಿಸಿ, ಬೆಳಕು ಮಣಿಕಟ್ಟಿನಿಂದ ಮೊಣಕೈಯ ಕಡೆ ಚರ್ಮವನ್ನು ಸವರಿ ಹೋಗಲಿ. ನರ ಏಳುತ್ತದೆ, ಸ್ನಾಯುರಜ್ಜು ಏಳುತ್ತದೆ, ನಿಮಗೇ ಗೊತ್ತಿಲ್ಲದ ಏಣುಗಳು ಏಳುತ್ತವೆ. ಜಿಮ್ ಬೇಡ, ಪ್ರೋಟೀನ್ ಪುಡಿ ಬೇಡ, ಕೋನವೊಂದು ಸಾಕು! ಆಮೇಲೆ ನಿಮ್ಮೂರಿನ ಸ್ಪರ್ಧೆಗೆ ಹೋಗಿ. ಪಟುಗಳನ್ನು ನೋಡುವ ಮೊದಲು ತಲೆಯೆತ್ತಿ ದೀಪಗಳನ್ನು ನೋಡಿ: ಎಷ್ಟಿವೆ, ಎಷ್ಟು ಎತ್ತರದಲ್ಲಿವೆ, ಎಲ್ಲಿ ಸೇರುತ್ತವೆ. ಮೊದಲ ಸಾಲು ಕರೆದಾಗ ಸದ್ದಿಲ್ಲದೆ ಆ ಜಾಗಕ್ಕೆ ಸರಿದು, ಗದ್ದ ಎತ್ತಿ, ಹೆಬ್ಬೆರಳು ಒತ್ತುವವನು ಯಾರು ಎಂದು ಹುಡುಕಿ. ಪದಕ ಅವನಿಗೆ ಬರಲಿ ಬಿಡಲಿ, ಬೆಳಕನ್ನು ಓದಲು ಕಲಿತವನು ಅವನು. ನಿಮ್ಮ ಕ್ಯಾಮೆರಾ ಮೊದಲು ಅವನ ಕಡೆ ತಿರುಗಲಿ!